ಆರೈಕೆ ಮಾಡುವವರಿಗೂ ಆರೈಕೆ

ನಮ್ಮ ಮೈಸೂರು ನಗರವನ್ನು ನೋಡಲು ಬರುವ ಯಾತ್ರಿಕರು ಅರಮನೆಯನ್ನು ಕಂಡು ಬೆರಗಾಗುತ್ತಾರೆ. ಚಾಮುಂಡಿ ಬೆಟ್ಟವನ್ನು ಹತ್ತಿ ಇಳಿಯುತ್ತಾರೆ. ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಸ್ವಲ್ಪ ಹೊತ್ತು ನಿಂತು ಮಲ್ಲಿಗೆಯ ಪರಿಮಳವನ್ನು ಕೊಂಡಾಡುತ್ತಾರೆ. ಅವರ ಕಣ್ಣಿಗೆ ಬೀಳದ ಮತ್ತೊಂದು ಮೈಸೂರುಂಟು. ಬೀಡಿ ಕಟ್ಟುವ, ಊದುಬತ್ತಿ ಹೊಸೆಯುವ, ಪರರ ಮನೆಯ ಮುಸುರೆ ತಿಕ್ಕುವ, ಕಟ್ಟಡದ ಕೂಲಿಗೆ ಹೋಗುವ ತಾಯಂದಿರ ಮನೆಗಳು ಅಲ್ಲಿವೆ. ಗಂಡನನ್ನು ಕಳೆದುಕೊಂಡವಳು, ಗಂಡನಿದ್ದೂ ಅವನ ಕುಡಿತದಿಂದ ಇಲ್ಲದಂತಾದವಳು, ಹೆರಿಗೆಗೆ ಹೋಗಲು ತೌರಿಲ್ಲದವಳು, ತೂಕವೇರದ ಕೂಸನ್ನು ಮಡಿಲಲ್ಲಿಟ್ಟುಕೊಂಡು ದಿಕ್ಕು ತೋಚದೆ ಕುಳಿತವಳು, ಇಂಥವರ ಬಾಗಿಲಿಗೆ ಬೆಳಗಾಗುತ್ತಲೇ ಬರುವ ಒಬ್ಬ ಹೆಂಗಸುಂಟು. ಆಕೆಯ ಹೆಗಲಲ್ಲಿ ಒಂದು ಚೀಲ, ಚೀಲದಲ್ಲಿ ಒಂದು ದಪ್ಪ ಪುಸ್ತಕ, ಕೈಯಲ್ಲಿ ಒಂದು ಫೋನು. ಅಂಗನವಾಡಿ ಟೀಚರೆಂದೋ ಆಶಾ ಕಾರ್ಯಕರ್ತೆಯೆಂದೋ ಜನರು ಆಕೆಯನ್ನು ಕರೆಯುತ್ತಾರೆ. ಬಡ ಸಂಸಾರಗಳನ್ನು ಆಕೆ ನೋಡಿಕೊಳ್ಳುತ್ತಾಳೆ, ಸರಿ. ಆಕೆಯನ್ನು ನೋಡಿಕೊಳ್ಳುವವರು ಯಾರು? ಈ ಒಂದು ಪ್ರಶ್ನೆಯನ್ನು ನಮ್ಮ ಸ್ಮರಣ ಸಂಚಿಕೆಯ ವಾಚಕರ ಮುಂದಿಡಬೇಕೆಂದು ನಾವು ಲೇಖನಿಯನ್ನು ಹಿಡಿದಿದ್ದೇವೆ.

ಹೆಣ್ಣುಮಕ್ಕಳ ಶಾಲೆಯ ಸಂಚಿಕೆಯಲ್ಲಿ ಈ ವಿಷಯವೇಕೆಂದು ಕೆಲವರು ಕೇಳಬಹುದು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ವೈದ್ಯರಾದವರೂ ಉಪಾಧ್ಯಾಯಿನಿಯರಾದವರೂ ದೂರದೇಶಗಳಿಗೆ ಹೋಗಿ ಹೆಸರು ಪಡೆದವರೂ ಇದ್ದಾರೆ. ಅವರ ವಿಚಾರವನ್ನು ಇಂಥ ಸಂಚಿಕೆಗಳು ಎಂದೂ ಮರೆಯುವುದಿಲ್ಲ. ಆದರೆ ಹತ್ತನೆಯ ತರಗತಿಯನ್ನು ಮುಗಿಸಿ, ಮುಂದೆ ಓದಲು ಅನುಕೂಲವಿಲ್ಲದೆ ಮದುವೆಯಾಗಿ, ತಮ್ಮ ಮೊಹಲ್ಲಾದಲ್ಲಿಯೇ ಅಂಗನವಾಡಿಯನ್ನೋ ಆಶಾ ಕೆಲಸವನ್ನೋ ಸೇರಿದವರೂ ನಮ್ಮ ಹಳೆಯ ವಿದ್ಯಾರ್ಥಿನಿಯರೇ ಅಲ್ಲವೆ? ಅವರ ಮಕ್ಕಳು ಈಗ ನಮ್ಮ ತರಗತಿಗಳಲ್ಲಿ ಕುಳಿತಿದ್ದಾರೆ. ಹೀಗಿರುವಲ್ಲಿ ಇದು ನಮ್ಮ ಮನೆಯ ಮಾತೇ ಹೊರತು ಬೇರೆಯಲ್ಲ.

ಅಂಗನವಾಡಿಯೆಂಬ ಏರ್ಪಾಡಿನ ಚರಿತ್ರೆಯಲ್ಲಿ ನಮ್ಮ ಜಿಲ್ಲೆಗೆ ಹೆಮ್ಮೆಯ ಸ್ಥಾನವುಂಟು. 1975ನೆಯ ಇಸವಿ ಅಕ್ಟೋಬರ್ 2ರಂದು, ಗಾಂಧೀಜಯಂತಿಯ ದಿನ, ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ಇಡೀ ಭಾರತದಲ್ಲಿ 33 ಕಡೆಗಳಲ್ಲಿ ಪ್ರಯೋಗಾರ್ಥವಾಗಿ ಆರಂಭವಾಯಿತು. ಕರ್ನಾಟಕದಲ್ಲಿ ಅದಕ್ಕಾಗಿ ಆರಿಸಿದ ಸ್ಥಳವು ಕಾವೇರಿಯೂ ಕಪಿಲೆಯೂ ಕೂಡುವ ನಮ್ಮ ತಿರುಮಕೂಡಲು ನರಸೀಪುರ. ಅಲ್ಲಿ 100 ಅಂಗನವಾಡಿಗಳಿಂದ ಮೊದಲಾದ ಕೆಲಸವು ಇಂದು ರಾಜ್ಯದ ಮೂಲೆಮೂಲೆಗೂ ಹಬ್ಬಿದೆ. ಅಂಗಳದಲ್ಲಿ ನಾಲ್ಕು ಮಕ್ಕಳನ್ನು ಕೂಡಿಸಿಕೊಂಡು ಹಾಡು ಹೇಳಿಕೊಡುವುದಷ್ಟೇ ಅಂಗನವಾಡಿಯ ಕೆಲಸವೆಂದು ತಿಳಿದವರು ಬಹಳ ಮಂದಿ. ವಾಸ್ತವವಾಗಿ ಅದಕ್ಕೆ ವಿಧಿಸಿರುವ ಕಾರ್ಯಗಳು ಆರು: ಮಕ್ಕಳಿಗೂ ಗರ್ಭಿಣಿಯರಿಗೂ ಬಾಣಂತಿಯರಿಗೂ ಪೂರಕ ಆಹಾರವನ್ನು ಕೊಡುವುದು, ಮೂರರಿಂದ ಆರು ವರ್ಷದ ಮಕ್ಕಳಿಗೆ ಶಾಲೆಗೆ ಮುಂಚಿನ ಶಿಕ್ಷಣವನ್ನು ಕೊಡುವುದು, ಚುಚ್ಚುಮದ್ದು ಹಾಕಿಸುವುದು, ಆರೋಗ್ಯದ ತಪಾಸಣೆಗೆ ಏರ್ಪಡಿಸುವುದು, ಕಾಯಿಲೆಯವರನ್ನು ಆಸ್ಪತ್ರೆಗೆ ಕಳುಹಿಸುವುದು, ಆಹಾರ ಆರೋಗ್ಯಗಳ ತಿಳಿವಳಿಕೆಯನ್ನು ತಾಯಂದಿರಿಗೆ ಮುಟ್ಟಿಸುವುದು. ಒಬ್ಬ ಟೀಚರು, ಒಬ್ಬ ಸಹಾಯಕಿ, ಎಷ್ಟೋ ಕಡೆ ಒಂದೇ ಬಾಡಿಗೆಯ ಕೋಣೆ. ಇಷ್ಟರಿಂದ ಆ ಆರೂ ನಡೆಯಬೇಕು.

ಆರರ ಮೇಲೆ ಬಂದು ಸೇರಿದ ಕೆಲಸಗಳು ಬೇರೆ. 2013ರ ಆಗಸ್ಟಿನಲ್ಲಿ ಕ್ಷೀರಭಾಗ್ಯವು ಬಂದಿತು. ಮಕ್ಕಳಿಗೆ ಹಾಲನ್ನು ಕಾಯಿಸಿ ಕೊಡುವುದು ಅಂಗನವಾಡಿಯ ಪಾಲಿಗೂ ಸೇರಿತು. 2017ರ ಅಕ್ಟೋಬರಿನಲ್ಲಿ ಮಾತೃಪೂರ್ಣ ಯೋಜನೆಯು ರಾಜ್ಯವನ್ನೆಲ್ಲ ವ್ಯಾಪಿಸಿತು. ಗರ್ಭಿಣಿಯರಿಗೂ ಬಾಣಂತಿಯರಿಗೂ ಬಿಸಿಯೂಟ ಸಿದ್ಧವಾಗಬೇಕಾಯಿತು. 2021ರಲ್ಲಿ ಪೋಷಣ್ ಟ್ರ್ಯಾಕರ್ ಎಂಬುದು ಬಂದಿತು. ಪ್ರತಿಯೊಂದು ಮಗುವಿನ ತೂಕವನ್ನೂ ಎತ್ತರವನ್ನೂ ಫೋನಿನಲ್ಲಿ ತುಂಬುವ ಹೊಣೆ ಬಿದ್ದಿತು. ಮತದಾರರ ಪಟ್ಟಿಯನ್ನು ತಿದ್ದುವ ಕೆಲಸವೂ ಅನೇಕ ಕಡೆ ಇವರಿಗೇ. ಇವುಗಳಲ್ಲಿ ಯಾವುದನ್ನೂ ನಾವು ಹಳಿಯುವವರಲ್ಲ. ಹಾಲು ಒಳ್ಳೆಯದು, ಊಟ ಒಳ್ಳೆಯದು, ಲೆಕ್ಕವೂ ಬೇಕಾದುದೇ. ಆದರೆ ಯೋಜನೆಗಳು ಒಂದೊಂದಾಗಿ ಹೆಚ್ಚುತ್ತಿರುವಾಗ ಕೈಗಳು ಮಾತ್ರ ಅವೇ ನಾಲ್ಕಾಗಿ ಉಳಿದಿವೆಯೆಂಬುದನ್ನು ಯಾರಾದರೂ ಹೇಳಬೇಕಷ್ಟೆ.

ಆಶಾ ಕಾರ್ಯಕರ್ತೆಯರ ವಿಚಾರವೂ ಇಂಥದೇ. 2005ನೆಯ ಇಸವಿ ಏಪ್ರಿಲ್ 12ರಂದು ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವು ಆರಂಭವಾದಾಗ ಸುಮಾರು ಸಾವಿರ ಜನಕ್ಕೆ ಒಬ್ಬಳಂತೆ ಇವರನ್ನು ನೇಮಿಸಿಕೊಳ್ಳುವ ಏರ್ಪಾಡು ಹುಟ್ಟಿತು. 2013ರಿಂದೀಚೆಗೆ ಪಟ್ಟಣದ ಬಡವರ ಬೀದಿಗಳಿಗೂ ಅದು ಬಂದಿತು. ಆಸ್ಪತ್ರೆಯಲ್ಲಿ ಹೆರಿಗೆಯಾಗಿ ತಾಯಿಯೂ ಕೂಸೂ ಮನೆಗೆ ಬಂದರೆಂದರೆ, ಮೂರನೆಯ, ಏಳನೆಯ, ಹದಿನಾಲ್ಕನೆಯ, ಇಪ್ಪತ್ತೊಂದನೆಯ, ಇಪ್ಪತ್ತೆಂಟನೆಯ ಮತ್ತು ನಾಲ್ವತ್ತೆರಡನೆಯ ದಿನಗಳಲ್ಲಿ ಆಶಾ ಆ ಮನೆಗೆ ಹೋಗತಕ್ಕದ್ದು. ಕೂಸನ್ನು ತೂಗಬೇಕು, ಮೈ ಬೆಚ್ಚಗಿದೆಯೆ ಎಂದು ನೋಡಬೇಕು, ಹೊಕ್ಕುಳನ್ನು ಪರೀಕ್ಷಿಸಬೇಕು, ತಾಯಿಗೆ ಜ್ವರವುಂಟೆ, ಮೊಲೆಯುಣಿಸಲು ಬರುತ್ತಿದೆಯೆ ಎಂದು ವಿಚಾರಿಸಬೇಕು. ಹುಟ್ಟಿದ ಮೊದಲ ತಿಂಗಳಲ್ಲಿಯೇ ಕೂಸುಗಳಿಗೆ ಅಪಾಯವು ಹೆಚ್ಚೆಂಬುದನ್ನು ವೈದ್ಯರು ಬಲ್ಲರು. ಆದುದರಿಂದ ಈ ಆರು ಭೇಟಿಗಳು ಎಷ್ಟೋ ಪ್ರಾಣಗಳನ್ನು ಉಳಿಸತಕ್ಕವು. ಈ ನಾಲ್ವತ್ತೆರಡು ದಿನಗಳ ಕಾವಲಿಗೆ ಗೊತ್ತುಮಾಡಿದ ಪ್ರೋತ್ಸಾಹಧನವು 250 ರೂಪಾಯಿ. ಪೇಟೆಯಲ್ಲಿ ಆ ಕೂಸಿಗೆ ಒಂದು ಒಳ್ಳೆಯ ಅಂಗಿಯನ್ನು ಕೊಳ್ಳಲು ಹೋದರೆ ಅಷ್ಟು ಹಣ ಸಾಲುವುದೋ ಇಲ್ಲವೋ ಎಂಬುದನ್ನು ತಾಯಂದಿರೇ ಯೋಚಿಸಲಿ.

2020ರಲ್ಲಿ ಕೊರೋನಾ ವ್ಯಾಧಿಯು ಬಂದಾಗ ನಾವೆಲ್ಲರೂ ಬಾಗಿಲು ಹಾಕಿಕೊಂಡು ಒಳಗೆ ಕುಳಿತೆವು. ಬಾಗಿಲಿಂದ ಬಾಗಿಲಿಗೆ ನಡೆದು, ಜ್ವರವುಂಟೆ, ಕೆಮ್ಮುಂಟೆ, ಹೊರಗಿನಿಂದ ಯಾರಾದರೂ ಬಂದಿದ್ದಾರೆಯೆ ಎಂದು ಕೇಳಿ ಬರೆದುಕೊಂಡವರು ಈ ಹೆಂಗಸರು. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತದ ಹತ್ತು ಲಕ್ಷಕ್ಕೂ ಮೀರಿದ ಆಶಾ ಕಾರ್ಯಕರ್ತೆಯರನ್ನು ಒಟ್ಟಾಗಿ ಗೌರವಿಸಿತು. ಆ ಸುದ್ದಿಯನ್ನು ನಾವು ಪ್ರಾರ್ಥನಾ ಸಭೆಯಲ್ಲಿ ಓದಿಸಿದೆವು. ಹುಡುಗಿಯರು ಚಪ್ಪಾಳೆ ತಟ್ಟಿದರು. ಚಪ್ಪಾಳೆ ತಟ್ಟಬೇಕಾದುದೇ. ಆದರೆ ಚಪ್ಪಾಳೆಯಿಂದ ಒಲೆಯುರಿಯುವುದಿಲ್ಲವೆಂಬುದು ಆ ಹುಡುಗಿಯರಲ್ಲಿ ಕೆಲವರಿಗೆ ಮನೆಯ ಅನುಭವದಿಂದಲೇ ಗೊತ್ತಿತ್ತು.

ಇಲ್ಲಿ ನಮ್ಮ ಭಾಷೆಯ ಒಂದು ಮಾತನ್ನು ವಿಚಾರಮಾಡಬೇಕಾಗಿದೆ. ಇವರಿಗೆ ಕೊಡುವ ಹಣವನ್ನು ಸಂಬಳವೆನ್ನುವುದಿಲ್ಲ, ಗೌರವಧನವೆನ್ನುತ್ತಾರೆ. ಹೆಸರೇನೋ ಚೆನ್ನಾಗಿದೆ. ಸಂಬಳವಾದರೆ ಲೆಕ್ಕ ಕೇಳಬಹುದು, ರಜೆ ಕೇಳಬಹುದು, ಮುಪ್ಪಿಗೆ ಆಸರೆ ಕೇಳಬಹುದು. ಗೌರವಕ್ಕೆ ಲೆಕ್ಕವೆಲ್ಲಿಯದು? 1975ರಲ್ಲಿ ಮೆಟ್ರಿಕ್ಯುಲೇಷನ್ ಮುಗಿಸಿದ ಅಂಗನವಾಡಿ ಕಾರ್ಯಕರ್ತೆಗೆ ತಿಂಗಳಿಗೆ 150 ರೂಪಾಯಿ, ಸಹಾಯಕಿಗೆ 35 ರೂಪಾಯಿ ಗೊತ್ತಾಗಿತ್ತು. 2018ರ ಅಕ್ಟೋಬರಿನಿಂದ ಕೇಂದ್ರ ಸರ್ಕಾರದ ಗೌರವಧನವು ಕಾರ್ಯಕರ್ತೆಗೆ 4,500, ಸಹಾಯಕಿಗೆ 2,250 ರೂಪಾಯಿಗಳಾದವು. ಅದರ ಮೇಲೆ ರಾಜ್ಯವು ತನ್ನ ಪಾಲನ್ನು ಸೇರಿಸುತ್ತದೆ. 2022ನೆಯ ಇಸವಿ ಏಪ್ರಿಲ್ 25ರಂದು ದೇಶದ ಸರ್ವೋಚ್ಚ ನ್ಯಾಯಾಲಯವು ಗುಜರಾತಿನಿಂದ ಬಂದ ಒಂದು ಮೊಕದ್ದಮೆಯಲ್ಲಿ, 1972ರ ಗ್ರಾಚ್ಯುಯಿಟಿ ಕಾನೂನಿನ ಮಟ್ಟಿಗೆ ಈ ಗೌರವಧನವು ಸಂಬಳವೇ ಸರಿಯೆಂದೂ ಅಂಗನವಾಡಿಯವರು ಗ್ರಾಚ್ಯುಯಿಟಿಗೆ ಬಾಧ್ಯರೆಂದೂ ತೀರ್ಪು ಕೊಟ್ಟಿತು. ಆ ತೀರ್ಪಿನ ಫಲವನ್ನು ಬೇಡಿ 2023ರ ಜನವರಿಯಲ್ಲಿ ನಮ್ಮ ರಾಜ್ಯದ ಅಂಗನವಾಡಿ ಸೋದರಿಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲಿರುಳೂ ಕುಳಿತರು. 2025ರ ಜನವರಿಯಲ್ಲಿ ಅದೇ ಸ್ಥಳದಲ್ಲಿ, ಅದೇ ಚಳಿಯಲ್ಲಿ, ಆಶಾ ಸೋದರಿಯರು ಕುಳಿತರು. ಮಕ್ಕಳನ್ನು ನೆರೆಯವರ ಕೈಗೊಪ್ಪಿಸಿ ರೈಲು ಹತ್ತಿದ ತಾಯಂದಿರು ಅವರಲ್ಲಿದ್ದರು. ಪರರ ಮಕ್ಕಳನ್ನು ನೋಡಿಕೊಳ್ಳುವುದಕ್ಕೆ ತಕ್ಕ ಪ್ರತಿಫಲವನ್ನು ಕೇಳಲು ತಮ್ಮ ಮಕ್ಕಳನ್ನು ಪರರ ಕೈಗೊಪ್ಪಿಸಬೇಕಾಗಿ ಬಂದುದು ಎಂಥ ವಿಪರ್ಯಾಸ!

ಹೀಗೆ ಹೇಳುವಾಗ ನಮಗೆ ಎರಡು ಆಕ್ಷೇಪಣೆಗಳು ಕೇಳಿಬಂದಿವೆ. ಸಂಬಳವನ್ನು ಹೆಚ್ಚಿಸಿದರೆ ಸೇವಾಭಾವವು ಹೋಗುವುದೆಂಬುದು ಮೊದಲನೆಯದು. ಈ ಮಾತನ್ನಾಡುವ ಮಹನೀಯರಲ್ಲಿ ತಮ್ಮ ಸಂಬಳವನ್ನು ಹಿಂದಕ್ಕೆ ಕಳುಹಿಸಿದವರನ್ನು ನಾವು ಕಂಡಿಲ್ಲ. ನಾವು ಮಿಷನ್ ಶಾಲೆಗಳಲ್ಲಿಯೇ ಓದಿ, ಅಲ್ಲಿಯೇ ತರಬೇತಾಗಿ, ಇಪ್ಪತ್ತು ವರ್ಷಕ್ಕೂ ಮೀರಿ ಪಾಠ ಹೇಳಿದ್ದೇವೆ. ನಮಗೆ ಕಲಿಸಿದ ಉಪಾಧ್ಯಾಯಿನಿಯರು ಸೇವೆಯೆಂಬ ಮಾತಿನ ಅರ್ಥವನ್ನು ಬದುಕಿ ತೋರಿಸಿದವರು. ಅವರಿಗೆ ತಿಂಗಳ ಮೊದಲ ದಿನ ಸಂಬಳ ಬರುತ್ತಿತ್ತು, ಬೇಸಿಗೆಯಲ್ಲಿ ರಜೆಯಿರುತ್ತಿತ್ತು, ಜ್ವರ ಬಂದರೆ ಅವರ ತರಗತಿಯನ್ನು ಮತ್ತೊಬ್ಬರು ತೆಗೆದುಕೊಳ್ಳುತ್ತಿದ್ದರು. ಇವು ಅವರ ಭಕ್ತಿಯನ್ನು ಕುಂದಿಸಲಿಲ್ಲ. ಮೂವತ್ತು ವರ್ಷ ಅದು ಆರದಂತೆ ಕಾಪಾಡಿದುವು. ಎರಡನೆಯ ಆಕ್ಷೇಪಣೆ, ತಿಳಿದೂ ತಿಳಿದೂ ಈ ಕೆಲಸಕ್ಕೆ ಸೇರಿದರಲ್ಲ, ಬೇಡದಿದ್ದರೆ ಬಿಡಬಹುದಷ್ಟೆ, ಎಂಬುದು. ಬಿಟ್ಟರೆ ನಷ್ಟ ಯಾರಿಗೆ? ಯಾವ ಮನೆಯ ಬಾಣಂತಿಗೆ ಅತ್ತೆಯ ಭಯ, ಯಾವ ಮಗುವಿಗೆ ಚುಚ್ಚುಮದ್ದು ತಪ್ಪಿದೆ, ಯಾವ ಬಾಗಿಲನ್ನು ಯಾವ ಹೊತ್ತಿನಲ್ಲಿ ತಟ್ಟಬೇಕು ಎಂಬ ತಿಳಿವು ಹತ್ತು ವರ್ಷ ನಡೆದು ಗಳಿಸಿದ್ದು. ಆಕೆ ಹೋದ ದಿನ ಅದೂ ಹೋಗುತ್ತದೆ.

ದೀಪದ ಕೆಳಗೆ ಕತ್ತಲೆಯೆಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಅದು ಕಣ್ಣೆದುರಿಗೆ ನಿಂತ ಸಂಗತಿಯೊಂದನ್ನು ಹೇಳುತ್ತೇವೆ. ನಮ್ಮ ಶಾಲೆಯಲ್ಲಿ ವೈದ್ಯಕೀಯ ತಪಾಸಣೆ ನಡೆದ ಒಂದು ವರ್ಷ, ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯ ರಕ್ತದಲ್ಲಿ ಹಿಮೋಗ್ಲೋಬಿನ್ 8.6 ಗ್ರಾಂ ಮಾತ್ರ ಇದೆಯೆಂದು ತಿಳಿಯಿತು. ಆ ವಯಸ್ಸಿನ ಹುಡುಗಿಯರಿಗೆ 12 ಇರಬೇಕು. ರಕ್ತಹೀನತೆಯು ನಮ್ಮ ನಾಡಿನಲ್ಲಿ ಅಪರೂಪವಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಸ್ತ್ರೀಯರಲ್ಲಿ ಶೇಕಡ 47.8 ಮಂದಿಗೆ ಅದು ಕಂಡುಬಂದಿತು. ಆದರೆ ಈ ಹುಡುಗಿಯ ತಾಯಿ ಆಶಾ ಕಾರ್ಯಕರ್ತೆ. ಮೊಹಲ್ಲಾದ ಗರ್ಭಿಣಿಯರಿಗೂ ಹುಡುಗಿಯರಿಗೂ ಕಬ್ಬಿಣಾಂಶದ ಮಾತ್ರೆಗಳನ್ನು ಹಂಚಿ, ಅನ್ನದ ಜತೆಗೆ ಸೊಪ್ಪು ತಿನ್ನಿರಮ್ಮ, ಊಟವಾದ ಕೂಡಲೇ ಕಾಫಿ ಕುಡಿಯಬೇಡಿರಮ್ಮ ಎಂದು ಮನೆಮನೆಗೂ ಹೇಳಿಬರುವವಳು. ರಾತ್ರಿ ಕರೆ ಬಂದರೆ ಹೆರಿಗೆಯ ನೋವು ತಿನ್ನುತ್ತಿರುವವಳನ್ನು ಕರೆದುಕೊಂಡು ಚೆಲುವಾಂಬ ಆಸ್ಪತ್ರೆಗೆ ಓಡುವವಳು. ಆ ದಿನಗಳಲ್ಲಿ ಅಡಿಗೆ ಮಾಡುವವಳು ಮಗಳು. ತಮ್ಮಂದಿರಿಗೆ ಬಡಿಸಿ, ಉಳಿದುದನ್ನು ತಾನುಂಡು, ತಡವಾಗಿ ಶಾಲೆಗೆ ಬರುವವಳು. ತಾಯಿಯನ್ನು ಕರೆಯಿಸಿ ಚೀಟಿಯನ್ನು ತೋರಿಸಿದಾಗ ಆಕೆ ಬಹಳ ಹೊತ್ತು ಮಾತನಾಡಲಿಲ್ಲ. ಕಡೆಗೆ, “ಬೀದಿಯ ಹುಡುಗಿಯರ ಲೆಕ್ಕವೆಲ್ಲ ನನ್ನ ಪುಸ್ತಕದಲ್ಲಿದೆ, ಮೇಡಂ. ನನ್ನ ಮಗಳದೇ ಬಿಟ್ಟುಹೋಯಿತು,” ಎಂದಳು. ವೈದ್ಯರ ಔಷಧಿಯಿಂದಲೂ ಮಧ್ಯಾಹ್ನದ ಊಟದ ಮೇಲೆ ನಮ್ಮ ಉಪಾಧ್ಯಾಯಿನಿಯೊಬ್ಬರು ಇಟ್ಟ ಕಣ್ಣಿನಿಂದಲೂ ಆ ಹುಡುಗಿ ಚೇತರಿಸಿಕೊಂಡಳು. ಆದರೆ ತಾಯಿಯ ಆ ಮಾತು ನಮ್ಮ ಕಿವಿಯಿಂದ ಹೋಗಲಿಲ್ಲ.

ಹಣದ ಕೊರತೆಯೊಂದೇ ಅಲ್ಲ, ದುಃಖದ ಭಾರವೂ ಇವರ ಮೇಲುಂಟು. ಹತ್ತು ತಿಂಗಳು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡ ಗರ್ಭಿಣಿಯ ಕೂಸು ಹುಟ್ಟಿದ ಎರಡನೆಯ ವಾರದಲ್ಲಿ ತೀರಿಕೊಂಡರೆ, ಆ ಮನೆಯವರು ಅಳುತ್ತಾರೆ, ನೆರೆಯವರು ಸಮಾಧಾನ ಹೇಳುತ್ತಾರೆ. ಆಶಾ ಅಳುವಂತಿಲ್ಲ, ಏಕೆ ಸತ್ತಿತು, ಎಂದು ತೂಗಿದೆ, ಏನು ಹೇಳಿದೆ, ಎಂಬುದಕ್ಕೆಲ್ಲ ಆಕೆ ಕಾಗದದಲ್ಲಿ ಉತ್ತರ ಬರೆಯಬೇಕು. ಗಂಡನಿಂದ ಏಟು ತಿಂದವಳ ಕಥೆಯನ್ನು ಕೇಳಿ, ಅದನ್ನು ಯಾರಿಗೂ ಹೇಳದೆ, ಮರುದಿನ ಅದೇ ಗಂಡನೆದುರಿಗೆ ನಗುತ್ತ ನಿಂತು ಮಗುವಿಗೆ ಪೋಲಿಯೋ ಹನಿ ಹಾಕಬೇಕು. ಇಷ್ಟನ್ನೆಲ್ಲ ಹೊತ್ತ ಮನಸ್ಸು ಒಂದು ದಿನ ಮರಗಟ್ಟಿದರೆ ಆಶ್ಚರ್ಯವೇನು? ಆಮೇಲೆ ನಾವೇ, ಆ ಹೆಂಗಸಿಗೆ ಕನಿಕರವಿಲ್ಲ, ಸಿಡುಕುತ್ತಾಳೆ, ಎಂದು ದೂರುತ್ತೇವೆ.

ದಾದಿಯರ ವೃತ್ತಿಯನ್ನು ಕಟ್ಟಿದವರು ಇದನ್ನು ಬಹು ಹಿಂದೆಯೇ ಅರಿತಿದ್ದರು. ಫ್ಲಾರೆನ್ಸ್ ನೈಟಿಂಗೇಲರ ಹೆಸರಿನಲ್ಲಿ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಾಲೆಯು ತೆರೆದಾಗ, ಕಲಿಯುವವರಿಗೆ ಪಾಠದ ಜತೆಗೆ ವಾಸಕ್ಕೆ ಒಂದು ಮನೆಯನ್ನೂ, ಅವರ ಯೋಗಕ್ಷೇಮವನ್ನು ನೋಡಿಕೊಳ್ಳುವ ಹಿರಿಯಳನ್ನೂ ಗೊತ್ತುಮಾಡಿದರು. ರೋಗಿಯನ್ನು ನೋಡುವವಳನ್ನು ನೋಡುವವಳೊಬ್ಬಳು ಬೇಕೆಂಬ ವಿವೇಕವದು. ಇಸಬೆಲ್ ಮೆಂಜೀಸ್ ಎಂಬ ವಿದುಷಿಯು 1950ರ ದಶಕದ ಕೊನೆಯಲ್ಲಿ ಲಂಡನ್ನಿನ ಒಂದು ದೊಡ್ಡ ಆಸ್ಪತ್ರೆಯ ದಾದಿಯರ ಸ್ಥಿತಿಯನ್ನು ಅಭ್ಯಾಸಮಾಡಿ, ದುಃಖವು ಹತ್ತಿರಕ್ಕೆ ಬಾರದಿರಲೆಂದು ಕೆಲಸವನ್ನು ಚೂರುಚೂರಾಗಿ ಹಂಚಿದರೆ ದಾದಿಯ ಮನಸ್ಸು ಹಗುರವಾಗುವುದಿಲ್ಲವೆಂದೂ, ಕೆಲಸದ ತೃಪ್ತಿಯೂ ಹೋಗಿ, ಕಲಿಯಲು ಬಂದವರಲ್ಲಿ ಅನೇಕರು ನಡುವೆಯೇ ಬಿಟ್ಟುಹೋಗುತ್ತಾರೆಂದೂ ತೋರಿಸಿದಳು. ನಮ್ಮೂರಿನಲ್ಲಿ ಮಿಷನ್ ಆಸ್ಪತ್ರೆಯೆಂದು ಎಲ್ಲರೂ ಕರೆಯುವ, 1906ರಲ್ಲಿ ತೆರೆದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಂಥ ಕಡೆ ಕೆಲಸ ಮಾಡಿದ ಹಿರಿಯ ದಾದಿಯರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ: ಕಷ್ಟದ ರಾತ್ರಿಯನ್ನು ಕಳೆದು ಬಂದಾಗ ಜತೆಯವಳೊಬ್ಬಳು ಕಾಫಿ ಕೊಟ್ಟು ಪಕ್ಕದಲ್ಲಿ ಕುಳಿತರೆ ಮರುರಾತ್ರಿಗೆ ಧೈರ್ಯ ಬರುತ್ತದೆ. ದಾದಿಗೆ ವಾರ್ಡಿನ ಜತೆಗಾತಿಯರುಂಟು. ಬೀದಿಯಲ್ಲಿ ನಡೆಯುವ ಆಶಾ ಒಂಟಿ.

ವೇದಪುಸ್ತಕವನ್ನು ಬಲ್ಲ ನಮ್ಮ ವಾಚಕಿಯರಿಗೆ ರೆಫೀದೀಮಿನ ವೃತ್ತಾಂತವು ನೆನಪಿರಬಹುದು. ಕಣಿವೆಯಲ್ಲಿ ಯುದ್ಧ ನಡೆಯುತ್ತಿರುವಾಗ ಮೋಶೆಯು ಗುಡ್ಡದ ಮೇಲೆ ಕೈಯೆತ್ತಿ ನಿಂತಿದ್ದನು. ಕೈ ಎತ್ತಿರುವ ತನಕ ಅವನ ಜನರಿಗೆ ಜಯ. ದಣಿದು ಕೈ ಇಳಿದರೆ ಅಪಜಯ. ಆಗ ಆರೋನನೂ ಹೂರನೂ ಅವನ ಎರಡು ಪಕ್ಕದಲ್ಲಿ ನಿಂತು ಕೈಗಳಿಗೆ ಆಧಾರಕೊಟ್ಟರೆಂಬುದನ್ನು ಭಾನುವಾರದ ಶಾಲೆಯ ಮಕ್ಕಳೂ ಹೇಳಬಲ್ಲರು. ಆದರೆ ಅದಕ್ಕೆ ಮುಂಚೆ ಅವರು ಮಾಡಿದ ಇನ್ನೊಂದು ಕೆಲಸವನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ಅವರು ಒಂದು ಕಲ್ಲನ್ನು ತಂದಿಟ್ಟು ಮೋಶೆಯನ್ನು ಅದರ ಮೇಲೆ ಕೂಡಿಸಿದರು. ಅವನ ಮಹಿಮೆಯನ್ನು ವರ್ಣಿಸಲಿಲ್ಲ, ಇನ್ನೂ ಸ್ವಲ್ಪ ತಾಳೆಂದು ಬೋಧಿಸಲಿಲ್ಲ. ದಣಿದವನಿಗೆ ಮೊದಲು ಕೂಡಲು ಜಾಗ ಬೇಕೆಂದು ತಿಳಿದು ಕಲ್ಲನ್ನು ಹುಡುಕಿ ತಂದರು. ನಮ್ಮ ಲೇಖನದ ಸಾರವೆಲ್ಲ ಆ ಕಲ್ಲಿನಲ್ಲಿದೆಯೆಂದರೂ ಸಲ್ಲುತ್ತದೆ.

ಶಾಲೆಯೊಂದು ಸರ್ಕಾರದ ಬೊಕ್ಕಸವನ್ನು ತೆರೆಯಲಾರದು. ತನ್ನ ಕೋಣೆಯ ಬಾಗಿಲನ್ನಾದರೂ ತೆರೆಯಬಹುದಷ್ಟೆ? ಕೆಲವು ವರ್ಷಗಳಿಂದ ತಿಂಗಳಿಗೊಂದು ಶನಿವಾರ ಮಧ್ಯಾಹ್ನ, ನಮ್ಮ ಹೊಲಿಗೆಯ ತರಗತಿಯ ಕೋಣೆಯನ್ನು ಸುತ್ತಲಿನ ಮೊಹಲ್ಲಾಗಳ ಅಂಗನವಾಡಿ ಮತ್ತು ಆಶಾ ಸೋದರಿಯರಿಗೆ ಬಿಟ್ಟುಕೊಡುತ್ತಿದ್ದೇವೆ. ಹಳೆಯ ವಿದ್ಯಾರ್ಥಿನಿಯರು ಕೊಟ್ಟ ಹಣದಿಂದ ಉಪ್ಪಿಟ್ಟೂ ಕಾಫಿಯೂ ಆಗುತ್ತವೆ. ಭಾಷಣವಿಲ್ಲ, ಹಾಜರಿ ಪುಸ್ತಕವಿಲ್ಲ, ಫೋಟೋ ತೆಗೆಯುವುದಂತೂ ಕೂಡದು. ಮೊದಲ ಸಲ ಬಂದವರು ಹನ್ನೊಂದು ಮಂದಿ. ಯಾರು ಭಾಷಣ ಮಾಡುತ್ತಾರೆಂದು ಕಾದು ಕುಳಿತು, ಯಾರೂ ಮಾಡದಿರಲು, ಉಪ್ಪಿಟ್ಟು ತಿಂದು ಹೊರಟುಹೋದರು. ಮೂರನೆಯ ಸಲ ಅವರಲ್ಲೊಬ್ಬಳು, ಹನ್ನೊಂದು ದಿನ ಬದುಕಿದ್ದ ಒಂದು ಕೂಸಿನ ವಿಚಾರವನ್ನು ತಾನಾಗಿಯೇ ಹೇಳತೊಡಗಿದಳು. “ಆ ಮಗು ಹೋದ ದಿವಸ ನನಗೆ ಅಳುವುದಕ್ಕೂ ಪುರುಸೊತ್ತಿರಲಿಲ್ಲ, ಅಕ್ಕ,” ಎಂದು ಪಕ್ಕದಲ್ಲಿದ್ದವಳಿಗೆ ಹೇಳಿ ಅತ್ತಳು. ಅದು ನಡೆದು ಎರಡು ವರ್ಷವಾಗಿತ್ತು. ಆ ದಿನ ಕೋಣೆಯಿಂದ ಯಾರೂ ಬೇಗ ಏಳಲಿಲ್ಲ. ಆಮೇಲಿಂದ ಇಪ್ಪತ್ತು ಇಪ್ಪತ್ತೈದು ಮಂದಿ ಬರುತ್ತಾರೆ. ಕೆಲಸವನ್ನು ಬಿಟ್ಟೇಬಿಡುವೆನೆಂದು ನಿಶ್ಚಯಿಸಿದ್ದ ಒಬ್ಬಾಕೆ ಇನ್ನೂ ಬಿಟ್ಟಿಲ್ಲ. ಏಕೆಂದು ಕೇಳಿದರೆ, ತಿಂಗಳಿಗೊಂದು ಶನಿವಾರ ಇದೆಯಲ್ಲ, ಎಂದು ನಗುತ್ತಾಳೆ.

ನಮ್ಮ ಹುಡುಗಿಯರಿಗೂ ಇದರಲ್ಲಿ ಪಾಲುಂಟು. ಐವತ್ತು ದಾಟಿದ ಟೀಚರುಗಳಿಗೆ ಫೋನಿನಲ್ಲಿ ಬರೆಯುವುದು, ಚಿತ್ರವನ್ನು ಕಳುಹಿಸುವುದು ಇವೆಲ್ಲ ಪರ್ವತವಾಗಿ ತೋರುತ್ತವೆ. ಹದಿನಾಲ್ಕು ವರ್ಷದ ಹುಡುಗಿಗೆ ಅದು ನೀರು ಕುಡಿದಷ್ಟು ಸುಲಭ. ಒಂಬತ್ತನೆಯ ತರಗತಿಯವರು ಸರದಿಯ ಮೇಲೆ ಕುಳಿತು ತಾಳ್ಮೆಯಿಂದ ಕಲಿಸಿಕೊಡುತ್ತಾರೆ. ನಿಜವಾದ ಮನೆಗಳ ವಿವರವನ್ನು ಹುಡುಗಿಯರು ನೋಡಕೂಡದೆಂದು ನಮ್ಮ ಕಟ್ಟಪ್ಪಣೆಯುಂಟು. ಬರಿಯ ಹಾಳೆಯ ಮೇಲೆ ಕಲ್ಪಿತ ಹೆಸರುಗಳನ್ನು ಬರೆದುಕೊಂಡೇ ಅಭ್ಯಾಸ ನಡೆಯುತ್ತದೆ. ತಾಯಿಯು ಕೆಲಸದ ಮೇಲೆ ಹೊರಗಿರುವ ಸಂಜೆಗಳಲ್ಲಿ ಅವರ ಹೆಣ್ಣುಮಕ್ಕಳು ಆರು ಗಂಟೆಯವರೆಗೆ ಶಾಲೆಯಲ್ಲಿಯೇ ಕುಳಿತು ಓದಬಹುದು. ಒಬ್ಬ ಉಪಾಧ್ಯಾಯಿನಿಯು ಜತೆಗಿರುತ್ತಾರೆ, ಒಂದು ಲೋಟ ಹಾಲೂ ಒಂದು ಕಡಲೆಕಾಯಿ ಚಿಕ್ಕಿಯೂ ಸಿಗುತ್ತವೆ. ಇವು ಸಣ್ಣ ಕೆಲಸಗಳು. ನ್ಯಾಯವಾದ ಸಂಬಳದ ಸ್ಥಾನವನ್ನು ಇವು ತುಂಬಲಾರವು, ತುಂಬುವುವೆಂದು ಯಾರೂ ಭಾವಿಸಲೂ ಬಾರದು. ಉಪ್ಪಿಟ್ಟನ್ನು ತೋರಿಸಿ ಸಂಬಳವನ್ನು ಮರೆಸುವುದು ಪಾಪವೇ ಸರಿ.

ಈಗ ವಾಚಕರು ತಮ್ಮ ತಮ್ಮ ಮನೆಯಲ್ಲಿ ಮಾಡಬಹುದಾದುದನ್ನು ಹೇಳಿ ಮುಗಿಸುತ್ತೇವೆ. ಆಶಾ ಬಾಗಿಲಿಗೆ ಬಂದರೆ ಹೊಸಲಿನಾಚೆ ನಿಲ್ಲಿಸಿ ಮಾತನಾಡಿಸಬೇಡಿರಿ. ಒಳಗೆ ಕರೆದು ಮಣೆಯನ್ನೋ ಕುರ್ಚಿಯನ್ನೋ ಕೊಟ್ಟು ಒಂದು ಲೋಟ ನೀರು ಕೊಡಿರಿ. ತಾಯಿ ಕಾರ್ಡನ್ನು ಹುಡುಕಲು ಅರ್ಧ ಗಂಟೆ ಕಾಯಿಸದೆ ಒಂದೇ ಕಡೆ ಇಟ್ಟಿರಿ. ಅಂಗನವಾಡಿಗೆ ಕೋಣೆ ಕೊಟ್ಟ ಮನೆಯವರು ನೀರಿಗೂ ಕಕ್ಕಸಿಗೂ ಅನುಕೂಲಮಾಡಿಕೊಡಲ್ಪಟ್ಟಿದೆಯೆ ಎಂದು ಒಮ್ಮೆ ನೋಡಿರಿ. ದಿನವೆಲ್ಲ ಅಲ್ಲಿರುವವರು ಹೆಂಗಸರೂ ಎಳೆಯ ಮಕ್ಕಳೂ ಅಲ್ಲವೆ? ಹೆಂಡತಿಯು ಇಂಥ ಕೆಲಸದಲ್ಲಿದ್ದರೆ, ಮನೆ ಗೆದ್ದು ಮಾರು ಗೆಲ್ಲೆಂದು ಅವಳಿಗೆ ಗಾದೆ ಹೇಳುವ ಗಂಡಸರು ಅದರ ಬದಲು ಅನ್ನಕ್ಕೆ ಎಸರಿಡುವುದನ್ನು ಕಲಿಯಲಿ. ಮೇಲಿನ ಅಧಿಕಾರದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ತಪಾಸಣೆಗೆ ಹೋದಾಗ, ಪುಸ್ತಕವನ್ನು ತೆರೆಯುವ ಮುಂಚೆ, “ನೀವು ಊಟ ಮಾಡಿದಿರಾ?” ಎಂದು ಒಂದು ಮಾತು ಕೇಳಲಿ. ಹೊಸ ಕೆಲಸವೊಂದನ್ನು ಹೊರಿಸುವವರು ಅದಕ್ಕೆ ಬದಲಾಗಿ ಯಾವ ಹಳೆಯ ಕೆಲಸವನ್ನು ಇಳಿಸುತ್ತೇವೆಂಬುದನ್ನೂ ಅದೇ ಕಾಗದದಲ್ಲಿ ಬರೆಯಲಿ. ಮತ ಕೇಳಲು ಬಂದವರನ್ನು ರಸ್ತೆ ಚರಂಡಿಗಳ ವಿಷಯವಾಗಿ ಕೇಳುವಂತೆಯೇ ಇವರ ಸಂಬಳದ ವಿಷಯವಾಗಿಯೂ ನಾವು ಕೇಳೋಣ.

ಅಡಿಗೆ ಮಾಡಿದವಳಿಗಿಂತ ಬಡಿಸಿದವಳು ಮೇಲೆಂಬ ಗಾದೆಯುಂಟು. ಈ ಸೋದರಿಯರು ಅಡಿಗೆಯನ್ನೂ ಮಾಡಿ ಬಡಿಸಿಯೂ ಇದ್ದಾರೆ. ಅವರ ಎಲೆಯ ಮುಂದೆ ಕುಳಿತು, ಇನ್ನೂ ಸ್ವಲ್ಪ ಹಾಕಿಸಿಕೊಳ್ಳಿರಿ ಎನ್ನುವವರು ಬೇಕಾಗಿದ್ದಾರೆ. ಈ ವರ್ಷ ನಮ್ಮ ಶಾಲೆಯನ್ನು ಬಿಟ್ಟು ಹೋಗುವ ಹುಡುಗಿಯರಲ್ಲಿ ಯಾರು ಏನಾಗುವರೋ ಬಲ್ಲವರಿಲ್ಲ. ಕೆಲವರು ಪರರ ಆರೈಕೆಯನ್ನೇ ಜೀವನವೃತ್ತಿಯಾಗಿ ಹಿಡಿಯಬಹುದು. ಅಂಥವರು ತಮ್ಮ ಊಟವನ್ನೂ ನಿದ್ದೆಯನ್ನೂ ಕಾಪಾಡಿಕೊಳ್ಳುವುದು ಸ್ವಾರ್ಥವೆಂದು ತಿಳಿಯದಿರಲಿ. ಉಳಿದವರು ಎಲ್ಲಿಯೇ ಇರಲಿ, ಆರೈಕೆ ಮಾಡುವವಳು ದಣಿದು ಬಂದಾಗ ಒಂದು ಕಲ್ಲನ್ನು ತಂದಿಡುವವರಾಗಲಿ. ದಯಾಮಯನಾದ ದೇವರು ಅವರೆಲ್ಲರಿಗೂ ಅದಕ್ಕೆ ಬೇಕಾದ ಕಣ್ಣನ್ನೂ ಮನಸ್ಸನ್ನೂ ಕರುಣಿಸಲೆಂದು ನಾವು ಹಾರೈಸುತ್ತೇವೆ.